ಹೆಸರಿಲ್ಲದ ಬಿಳಿ ಮಾತ್ರೆ

ನಮ್ಮಪ್ಪನ ಕಾಲಿನ ಹೆಬ್ಬೆರಳು ಮೊದಲ ಸಲ ಊದಿಕೊಂಡದ್ದು 2009ರಲ್ಲಿ, ಕಬ್ಬಿನ ಕಟಾವಿನ ಕಾಲದಲ್ಲಿ. ಹಗಲೆಲ್ಲ ಗೌಡರ ಗದ್ದೆಯಲ್ಲಿ ಕಬ್ಬು ಕಡಿದು ಬಂದು, ಮುದ್ದೆ ಉಂಡು, ಜಗಲಿ ಮೇಲೆ ಮಲಗಿದ್ದ ಮನುಷ್ಯ ನಡುರಾತ್ರಿ 'ಅಯ್ಯಪ್ಪೋ' ಅಂತ ಕೂಗಿಕೊಂಡ. ಹಾವು ಗೀವು ಮುಟ್ಟಿತೇನೋ ಅಂತ ಬ್ಯಾಟರಿ ಹಿಡಕೊಂಡು ಓಡಿದೆವು. ಹೆಬ್ಬೆರಳಿನ ಬುಡ ಕೆಂಡದ ಹಂಗೆ ಕೆಂಪಾಗಿತ್ತು. ಅವ್ವ ಕಂಬಳಿ ಹೊದಿಸಲು ಹೋದರೆ, 'ಬ್ಯಾಡ ಕಣಮ್ಮೀ, ಬಟ್ಟೆ ತಗುಲಿದ್ರೂ ಜೀವ ಹೋಯ್ತದೆ' ಅಂದ. ಬಂಡೆ ಉರುಳಿಸಿದ ಕೈ, ಮೂಟೆ ಹೊತ್ತ ಬೆನ್ನು ಅವನದು. ಒಂದು ಕಂಬಳಿಯ ಭಾರ ತಡೆಯಲಾರದೆ ಅಳುತ್ತಿದ್ದ. ಅಪ್ಪ ಅತ್ತದ್ದನ್ನ ನಾವು ಅದುವರೆಗೆ ನೋಡಿರಲಿಲ್ಲ.

ನಾವು ಅಂದರೆ ಅಪ್ಪನ ಮೂರು ಮಕ್ಕಳು. ಒಬ್ಬರು ಇಸ್ಕೂಲು ಮೇಷ್ಟ್ರು, ಒಬ್ಬರು ಕಾಲೇಜು ಮೆಟ್ಟಿಲು ಹತ್ತಿ ಇಳಿದವರು, ಒಬ್ಬರು ಊರಲ್ಲೇ ಉಳಿದು ಕೂಲಿಗೆ ಹೋದವರು. ಈ ಬರಹದಲ್ಲಿ 'ನಾನು' ಅನ್ನಲಿಕ್ಕೆ ಬಾಯಿ ಬರುತ್ತಿಲ್ಲ. ಮಾಡಿದ ತಪ್ಪು ಮೂವರದ್ದೂ. ಅದಕ್ಕೇ ನಾವು.

ಹರಳೆಣ್ಣೆ ಹಚ್ಚಿದೆವು. ಲಕ್ಕಿಸೊಪ್ಪಿನ ಶಾಖ ಕೊಟ್ಟೆವು. ಹತ್ತು ದಿನಕ್ಕೆ ನೋವು ತಾನಾಗೇ ಇಳಿಯಿತು. ಎಣ್ಣೆಯಿಂದ ಹೋಯಿತು ಅಂದುಕೊಂಡೆವು. ಮೂರು ತಿಂಗಳಿಗೆ ಇನ್ನೊಂದು ಕಾಲಿಗೆ ಬಂತು. ಆಮೇಲೆ ಹರಡಿಗೆ, ಮಂಡಿಗೆ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆ ಮಾಡಿಸಿದರು. ಯೂರಿಕ್ ಆಸಿಡ್ 9ಕ್ಕಿಂತ ಮೇಲಿತ್ತು. 'ಗೌಟ್' ಅಂದರು ಡಾಕ್ಟ್ರು. ಅಂದವರು ತಲೆ ಎತ್ತದೆ ಕೇಳಿದರು: 'ಏನಯ್ಯಾ, ಬಾಡು ಜಾಸ್ತಿ ತಿಂತೀರಲ್ವಾ ನೀವು?'

'ನೀವು' ಅಂದದ್ದು ನಮ್ಮಪ್ಪ ಒಬ್ಬನಿಗಲ್ಲ. ಅದು ನಮಗೆ ಗೊತ್ತು, ಅವರಿಗೂ ಗೊತ್ತು. ಅಪ್ಪ ಕೈಕಟ್ಟಿಕೊಂಡು, 'ಎಲ್ಲಿ ಬರ್ತದೆ ಬುದ್ದೀ, ಹಬ್ಬಕ್ಕೋ ಹರಿದಿನಕ್ಕೋ' ಅಂದ. ಡಾಕ್ಟ್ರು ನಕ್ಕರು. 'ಬಾಡು ಬುಟ್ಬುಡು' ಅಂತ ನಮ್ಮ ಮಾತನ್ನೇ ಅಣಕಿಸಿ, ದಿನಕ್ಕೊಂದು ಅಲೋಪ್ಯೂರಿನಾಲ್ ಅಂತ 100 ಮಿಲಿಗ್ರಾಮಿನ ಮಾತ್ರೆ ಬರೆದುಕೊಟ್ಟರು. ತಿಂಗಳು ಬಿಟ್ಟು ಬಾ ಅಂದರು. ಅಷ್ಟೇ. ಮಾತ್ರೆ ಸರಿಯಾದದ್ದೇ. ಅದರ ಜೊತೆಗೆ ಹೇಳಬೇಕಾಗಿದ್ದ ಮಾತೊಂದಿತ್ತು, ಅದನ್ನ ಹೇಳಲಿಲ್ಲ.

ಆ ಮಾತು ಇದು: ಈ ಮಾತ್ರೆ ನೋವಿನ ಮಾತ್ರೆ ಅಲ್ಲ. ಇದು ರಕ್ತದ ಯೂರಿಕ್ ಆಸಿಡ್ಡನ್ನು ನಿಧಾನಕ್ಕೆ ಇಳಿಸುತ್ತದೆ. ಇಳಿಯುವಾಗ ಕೀಲಿನಲ್ಲಿ ಕೂತ ಹರಳುಗಳು ಕದಲುತ್ತವೆ. ಹಂಗಾಗಿ ಮೊದಲ ಕೆಲವು ತಿಂಗಳು ನೋವು ಇನ್ನೂ ಹೆಚ್ಚಾಗಿ ಕಾಣಿಸಿಕೊಳ್ಳಬಹುದು. ಅದಕ್ಕೆ ಹೆದರಿ ಬಿಡಬಾರದು. ಆ ತಿಂಗಳುಗಳಿಗೆ ಅಂತಲೇ ಕಾಲ್ಚಿಸಿನ್ ಅಂತ ಇನ್ನೊಂದು ಔಷಧಿ ಸಣ್ಣ ಪ್ರಮಾಣದಲ್ಲಿ ಜೊತೆಗೆ ಕೊಡುತ್ತಾರೆ.

ಹೇಳಿದ್ದರೆ ಎರಡು ನಿಮಿಷದ ಮಾತು. ಹೇಳಲಿಲ್ಲ. ಮೂರನೇ ವಾರಕ್ಕೆ ಅಪ್ಪನ ಮಂಡಿ ಕುಂಬಳಕಾಯಿ ಆಯಿತು. ಕೇರಿಯಲ್ಲಿ ಕೂತವರು, 'ಇಂಗ್ಲೀಷ್ ಗುಳಿಗೆ ಮೂಳೆ ಕರಗುಸ್ತದೆ ಕಣಪ್ಪಾ, ದಿನಾ ನುಂಗಬ್ಯಾಡ' ಅಂದರು. ಕೇರಿಯವರಿಗೆ ಗೊತ್ತಿರಲಿಲ್ಲ ಬಿಡಿ. ನಮ್ಮಲ್ಲಿ ಮೇಷ್ಟ್ರಾದವರು ಮಾಡಿದ್ದೇನು? ಡಾಕ್ಟ್ರ ಹತ್ರ ಹೋಗಿ ಕೇಳಬೇಕಿತ್ತು. ಆ ನಗು ನೆನಪಾಗಿ ಹೋಗಲಿಲ್ಲ. ಮಾತ್ರೆಯನ್ನ ತಿಪ್ಪೆಗೆ ಎಸೆದೆವು.

ಬಾಡನ್ನೂ ಬಿಡಿಸಿದೆವು. ಅದು ಇನ್ನೊಂದು ಕಥೆ. ಹೊಸತೊಡಕಿನ ದಿನ ಇಡೀ ಕೇರಿ ಘಮಘಮ ಅನ್ನುವಾಗ ನಮ್ಮ ಮನೆ ಒಲೆ ಮೇಲೆ ಹುರುಳಿಕಾಳಿನ ಸಾರು. ಅಪ್ಪ ತಟ್ಟೆ ನೋಡಿ ಸುಮ್ಮನೆ ಉಂಡ. ಕಾಯಿಲೆಗಿಂತ ಹೆಚ್ಚಾಗಿ ಅವನನ್ನ ಕುಗ್ಗಿಸಿದ್ದು ಆ ಅಪರಾಧಿಯ ಭಾವ. ತಿನ್ನಬಾರದ್ದನ್ನ ತಿಂದು ತಂದುಕೊಂಡ ಕಾಯಿಲೆ ಅಂತ ಅವನೂ ನಂಬಿದ್ದ. ನಾವೂ ನಂಬಿದ್ದೆವು.

ನೋವಂತೂ ನಿಲ್ಲಲಿಲ್ಲ.

ಆಗ ಹೋಬಳಿ ಊರಿನ ಸಂತೆಬೀದಿಯ ಡಾಕ್ಟ್ರು ಸಿಕ್ಕರು. ಡಾಕ್ಟ್ರು ಅಂತ ನಾವೇ ಕರೆಯುತ್ತಿದ್ದದ್ದು, ಗೋಡೆ ಮೇಲೆ ಸರ್ಟಿಫಿಕೇಟು ನೋಡಿದವರು ಯಾರೂ ಇರಲಿಲ್ಲ. ಒಂದು ಸೂಜಿ ಚುಚ್ಚಿದರು. ಡಬ್ಬಿಗಳಿಂದ ಮೂರು ಬಗೆ ಮಾತ್ರೆ ಎಣಿಸಿ, ನ್ಯೂಸ್ ಪೇಪರಿನ ತುಂಡಲ್ಲಿ ಪೊಟ್ಟಣ ಕಟ್ಟಿಕೊಟ್ಟರು. ಒಂದು ಹಳದಿ, ಒಂದು ಕೆಂಪು, ಒಂದು ಚಿಕ್ಕದು, ಬಿಳಿ. ಬೆಳಿಗ್ಗೆ ಹೊತ್ತುಕೊಂಡು ಹೋದ ಅಪ್ಪ ಸಾಯಂಕಾಲ ನಡಕೊಂಡು ಬಂದ. 'ದೇವ್ರು ಕಣ್ರಲಾ ಆ ಮನ್ಸ' ಅಂದ.

ಆ ದೇವರ ಪೊಟ್ಟಣವನ್ನ ನಮ್ಮಪ್ಪ ಏಳು ವರ್ಷ ನುಂಗಿದ.

ನೋವು ಬಂದಾಗ ಮಾತ್ರ ಅಂತ ಶುರುವಾದದ್ದು ವಾರಕ್ಕೆ ಬಂತು, ಆಮೇಲೆ ದಿನಕ್ಕೆ ಬಂತು. ಬಿಟ್ಟರೆ ಮೈಯೆಲ್ಲ ಸೋತು ಬೀಳುತ್ತಿತ್ತು. ನುಂಗಿದರೆ ಕಬ್ಬು ಕಡಿಯಲು ಆಗುತ್ತಿತ್ತು. ಮುಖ ತುಂಬಿಕೊಂಡಿತು. ಕೆನ್ನೆ ಉಬ್ಬಿ ದುಂಡಗಾಯಿತು. ಹೊಟ್ಟೆ ಬಂತು, ಕತ್ತಿನ ಹಿಂದೆ ಮಾಂಸ ಬೆಳೆಯಿತು. 'ಮಗ ಮೇಷ್ಟ್ರಾದ ಮ್ಯಾಲೆ ಯಜಮಾನ ಕಳೆ ಬಂದವ್ನೆ' ಅಂದರು ಊರವರು. ನಮಗೆ ಹೆಮ್ಮೆ. ಕೈಕಾಲು ಮಾತ್ರ ಕಡ್ಡಿ. ಎಲ್ಲಿ ತಾಗಿದರೂ ಚರ್ಮದ ಕೆಳಗೆ ನೀಲಿ ಕಲೆ. ಸಕ್ಕರೆ ಕಾಯಿಲೆಯೂ ಸೇರಿಕೊಂಡಿತು. ವಯಸ್ಸಾಯಿತು ಅಂತ ಅಂದುಕೊಂಡೆವು. ಅವನಿಗೆ ಆಗ ಐವತ್ತೆಂಟು.

2016ರ ಮಳೆಗಾಲ. ಅಪ್ಪ ನಲ್ಲಿ ಕಟ್ಟೆಯಿಂದ ಅರ್ಧ ಬಿಂದಿಗೆ ನೀರು ತರುತ್ತಿದ್ದ. ಬಾಗಿಲ ಮೆಟ್ಟಿಲಲ್ಲಿ ಕಾಲು ಜಾರಿ ಕುಂಡಿ ಊರಿ ಕೂತ. ಬಿದ್ದ ಅನ್ನಲಿಕ್ಕೂ ಆಗದು, ಕೂತ ಅಷ್ಟೇ. ಮಕ್ಕಳು ದಿನಕ್ಕೆ ಹತ್ತು ಸಲ ಹಂಗೆ ಬೀಳುತ್ತವೆ. 'ಲಟಕ್' ಅಂತ ಒಂದು ಸದ್ದು ಕೇಳಿಸಿತು ಅಂತ ಅವ್ವ ಇವತ್ತಿಗೂ ಹೇಳುತ್ತಾಳೆ. ಬಿಂದಿಗೆ ಒಡೆಯಲಿಲ್ಲ. ತೊಡೆಮೂಳೆಯ ಕತ್ತು ಮುರಿದಿತ್ತು.

ದೊಡ್ಡಾಸ್ಪತ್ರೆಯಲ್ಲಿ ಒಬ್ಬಳು ಹುಡುಗಿ ಡಾಕ್ಟ್ರು ಇದ್ದಳು. ನಮ್ಮ ತಂಗಿಯ ವಯಸ್ಸು. ಅಪ್ಪನ ಮುಖ ನೋಡಿದಳು, ಕೈ ಮೇಲಿನ ಕಲೆ ನೋಡಿದಳು, ಎಕ್ಸ್‌ರೇ ಬೆಳಕಿಗೆ ಹಿಡಿದಳು. 'ಯಜಮಾನ್ರೇ, ಯಾವ ಮಾತ್ರೆ ತಗೋತಿದ್ರಿ?' ಅಂದಳು. ಅವ್ವ ಸೆರಗಿನ ಗಂಟಿಂದ ಪೊಟ್ಟಣ ತೆಗೆದಳು. ಡಾಕ್ಟ್ರು ಅಂಗೈ ಮೇಲೆ ಸುರುವಿಕೊಂಡು ಆ ಚಿಕ್ಕ ಬಿಳಿ ಮಾತ್ರೆಯನ್ನ ಬೆರಳಲ್ಲಿ ತಳ್ಳಿ ನಮ್ಮ ಕಡೆ ತಿರುಗಿ ಕೇಳಿದಳು:

'ಇದರ ಹೆಸರೇನು ಮೇಷ್ಟ್ರೇ?'

ಏಳು ವರ್ಷದಲ್ಲಿ ನಾವು ಕೇಳದೇ ಇದ್ದ ಪ್ರಶ್ನೆ ಅದು. ಉತ್ತರ ಇರಲಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. 'ಇದು ಸ್ಟೀರಾಯ್ಡ್ ಇರಬೇಕು. ಮೈ ನೋಡಿದರೇ ಗೊತ್ತಾಗುತ್ತೆ. ಇದನ್ನ ಇವತ್ತೇ ನಿಲ್ಲಿಸಬೇಡಿ, ಜೀವಕ್ಕೆ ಅಪಾಯ. ನಾವು ನಿಧಾನಕ್ಕೆ ಇಳಿಸ್ತೀವಿ' ಅಂದಳು.

ಆಮೇಲೆ ನಾವು ಓದಿದೆವು. ತಡವಾಗಿ ಓದಿದೆವು. ಓದಿದ್ದನ್ನ ಇಲ್ಲಿ ಬರೆಯುತ್ತಿದ್ದೇವೆ, ನಿಮ್ಮ ಮನೆಯಲ್ಲಿ ತಡ ಆಗದಿರಲಿ ಅಂತ.

ಸ್ಟೀರಾಯ್ಡ್ ವಿಷವಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಹೆಂಗಸಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನದಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಹುಮಾನ ಬಂತು. ನಮ್ಮಪ್ಪ ಸಂತೆಬೀದಿಯಲ್ಲಿ ಕಂಡ ಪವಾಡವೂ ಅದೇ. ಗೌಟಿನ ನೋವು ಕೆರಳಿದಾಗ ನಾಲ್ಕೈದು ದಿನಕ್ಕೆ ಇದನ್ನ ಕೊಡುವುದು ಇವತ್ತಿಗೂ ಸರಿಯಾದ ವೈದ್ಯವೇ. ಆದರೆ ತಿಂಗಳುಗಟ್ಟಲೆ ನುಂಗಿದರೆ ಕಥೆ ಬೇರೆ. ನಮ್ಮ ಮೂಳೆ ಗೋಡೆಯಂತೆ ಒಮ್ಮೆ ಕಟ್ಟಿ ಬಿಟ್ಟದ್ದಲ್ಲ. ಒಂದು ಕಡೆ ಕೆಡವುತ್ತ, ಒಂದು ಕಡೆ ಕಟ್ಟುತ್ತ ದಿನಾ ನಡೆಯುವ ಕೆಲಸ ಅದು. ಸ್ಟೀರಾಯ್ಡ್ ಕಟ್ಟುವ ಕೂಲಿಗಳ ಕೈ ಕಟ್ಟಿಹಾಕುತ್ತದೆ. ಉಂಡ ಸುಣ್ಣದಂಶ ಕರುಳಿಗೆ ಸೇರದ ಹಾಗೆ, ಉಚ್ಚೆಯಲ್ಲಿ ಹರಿದು ಹೋಗುವ ಹಾಗೆ ಮಾಡುತ್ತದೆ. ಜೊತೆಗೆ ತೊಡೆಯ ಸ್ನಾಯು ಸೊರಗಿಸುತ್ತದೆ. ಒಳಗೆ ಮೂಳೆ ಟೊಳ್ಳು, ಮೇಲೆ ಕಾಲು ಸೋತದ್ದು. ಮನುಷ್ಯ ಬೀಳುವುದೂ ಸುಲಭ, ಬಿದ್ದರೆ ಮುರಿಯುವುದೂ ಸುಲಭ. ಮೊದಲ ಮೂರರಿಂದ ಆರು ತಿಂಗಳಲ್ಲೇ ಈ ಅಪಾಯ ಏರಲು ಶುರುವಾಗುತ್ತದೆ. ನಮ್ಮಪ್ಪ ನುಂಗಿದ್ದು ಏಳು ವರ್ಷ. ಹಾಗಂತ ಗಾಬರಿಬಿದ್ದು ಒಂದೇ ದಿನ ನಿಲ್ಲಿಸಿದರೆ ಇನ್ನೊಂದು ಗಂಡಾಂತರ. ದಿನಾ ಹೊರಗಿಂದ ಬಂದರೆ ಮೈಯೊಳಗೆ ಅದನ್ನ ತಯಾರಿಸುವ ಗ್ರಂಥಿ ಕೆಲಸ ಬಿಟ್ಟು ಮಲಗಿಬಿಡುತ್ತದೆ. ಅದನ್ನ ಮೆಲ್ಲಗೆ ಎಬ್ಬಿಸಬೇಕು.

ಇನ್ನು ಬಾಡಿನ ಮಾತು.

ಚರಕ ಸಂಹಿತೆಯಲ್ಲಿ ಈ ಕಾಯಿಲೆಗೆ ವಾತರಕ್ತ ಅಂತ ಹೆಸರು. ಅದಕ್ಕೇ ಆಢ್ಯವಾತ ಅಂತಲೂ ಹೆಸರಿದೆ. ಆಢ್ಯ ಅಂದರೆ ಸಿರಿವಂತ. ಯುರೋಪಿನಲ್ಲೂ ಇದನ್ನ ರಾಜರ ರೋಗ ಅಂತಲೇ ಕರೆದರು. ಸಿರಿವಂತರಿಗೆ ಬಂದರೆ ಕಾಯಿಲೆಗೂ ಒಂದು ಗತ್ತು. ಅದೇ ಕಾಯಿಲೆ ಕೇರಿಗೆ ಬಂದರೆ 'ನೀವು ಬಾಡು ಜಾಸ್ತಿ ತಿಂತೀರಿ'.

ನಿಜ ಏನು? ಈಲಿಯಂಥ ಬಾಡು, ಕುಡಿತ, ಅದರಲ್ಲೂ ಬೀರು, ಸಕ್ಕರೆ ಪಾನಕದ ಬಾಟಲಿಗಳು ಯೂರಿಕ್ ಆಸಿಡ್ ಏರಿಸುವುದು ಸುಳ್ಳಲ್ಲ. ಆದರೆ ಮೈಯಲ್ಲಿರುವ ಯೂರಿಕ್ ಆಸಿಡ್ಡಿನ ಸುಮಾರು ಮೂರರಲ್ಲಿ ಎರಡು ಪಾಲು ಮೈಯೇ ತಯಾರಿಸುವಂಥದ್ದು. ಊಟದಿಂದ ಬರುವುದು ಮೂರರಲ್ಲಿ ಒಂದು ಪಾಲು. ಬಹಳ ಜನಕ್ಕೆ ಗೌಟ್ ಬರುವುದು ಹೆಚ್ಚು ತಿಂದಿದ್ದರಿಂದಲ್ಲ, ಮೂತ್ರಪಿಂಡ ಅದನ್ನ ಸಾಕಷ್ಟು ಹೊರಗೆ ಹಾಕದೆ ಇರುವುದರಿಂದ. ಅದು ಹುಟ್ಟಿನಿಂದ ಬಂದ ಗುಣ. ರಕ್ತದೊತ್ತಡಕ್ಕೆ ಕೊಡುವ ಕೆಲವು ನೀರಿನ ಮಾತ್ರೆಗಳಿಂದಲೂ ಏರುತ್ತದೆ. ದಿನವಿಡೀ ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡಿಯದಿದ್ದರೂ ಏರುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ 6.8 ಮಿಲಿಗ್ರಾಂ ದಾಟಿದರೆ ಅದು ಕರಗಿ ಉಳಿಯಲಾರದೆ ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂರುತ್ತದೆ. ಮೈಗಿಂತ ತಣ್ಣಗಿರುವ ಕಾಲಬೆರಳು ಅದಕ್ಕೆ ಒಳ್ಳೆ ಜಾಗ. ನಾಯಿಗೆ, ಹಸುವಿಗೆ ಯೂರಿಕ್ ಆಸಿಡ್ಡನ್ನ ಒಡೆಯುವ ಯೂರಿಕೇಸ್ ಎಂಬ ಕಿಣ್ವ ಇದೆ. ಮನುಷ್ಯ ಕುಲ ಅದನ್ನ ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಪೂರ್ವಜರ ಕಾಲದಲ್ಲೇ ಕಳೆದುಕೊಂಡಿತು. ಇಡೀ ಕುಲ, ಸ್ವಾಮಿ. ಅದರಲ್ಲಿ ಅಗ್ರಹಾರದವರು, ಕೇರಿಯವರು ಅಂತ ಭೇದ ಇಲ್ಲ.

ನಮ್ಮ ಮೂಳೆ ನೋವಿನ ಕಾರಣವನ್ನ ಮೊದಲು ನಮ್ಮ ತಟ್ಟೆಯಲ್ಲಿ ಹುಡುಕುವುದು ಹೊಸದಲ್ಲ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974–75ರ ಸುಮಾರಿಗೆ ಚನ್ನಂಗಿ, ಛಲವಾದಿ ಜನರ ಸೊಂಟ ಮಂಡಿಗಳು ಹಿಡಿದು, ನಡು ಬಾಗಿ, ತೆವಳಿ ನಡೆಯುವ ಕಾಯಿಲೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಕ್ರಿಮಿನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೆ ಬಂತು ಎಂಬ ಅನುಮಾನ ಆಗ ಹರಡಿತು. ಆಮೇಲಿನ ವರ್ಷಗಳ ಸಂಶೋಧನೆ ಅದು ವಂಶದಲ್ಲಿ ಇಳಿದು ಬರುವ ಮೂಳೆ ಕೀಲಿನ ಕಾಯಿಲೆ ಅಂತ ತೋರಿಸಿತು. ಅದು ಗೌಟ್ ಅಲ್ಲ, ಬೇರೆಯೇ ಕಾಯಿಲೆ. ಆದರೆ ಕಷ್ಟಪಟ್ಟವರು ಯಾರು, ಬೆರಳು ಮೊದಲು ಯಾರ ಊಟದ ಕಡೆ ತೋರಿತು ಅನ್ನುವುದನ್ನ ನಾವು ಮರೆಯಬಾರದು.

ಈಗ ಆ ತಿಪ್ಪೆಗೆ ಎಸೆದ ಮಾತ್ರೆಯ ವಿಚಾರ. ಅಲೋಪ್ಯೂರಿನಾಲನ್ನು ರೂಪಿಸಿದವರಲ್ಲಿ ಗರ್ಟ್ರೂಡ್ ಎಲಿಯನ್ ಒಬ್ಬರು. ಹೆಣ್ಣು ಅನ್ನುವ ಕಾರಣಕ್ಕೆ ಪ್ರಯೋಗಾಲಯಗಳು ಕೆಲಸ ಕೊಡದೆ ಕಳಿಸಿದ್ದ ಹೆಂಗಸು ಅವರು. 1988ರಲ್ಲಿ ಜಾರ್ಜ್ ಹಿಚಿಂಗ್ಸ್, ಜೇಮ್ಸ್ ಬ್ಲ್ಯಾಕ್ ಜೊತೆ ನೊಬೆಲ್ ಪಡೆದರು. ಆ ಮಾತ್ರೆ ಮೂಳೆ ಕರಗಿಸುತ್ತದೆ ಅಂತ ಕೇರಿಯಲ್ಲಿ ಆಡಿಕೊಂಡರಲ್ಲ, ಅದನ್ನೂ ನೋಡಿದವರಿದ್ದಾರೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದವರು 31 ಸಾವಿರಕ್ಕೂ ಹೆಚ್ಚು ಗೌಟ್ ರೋಗಿಗಳ ದಾಖಲೆಗಳನ್ನ ಗೌಟ್ ಇಲ್ಲದವರ ದಾಖಲೆಗಳ ಜೊತೆ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಮೂಳೆ ಮುರಿತ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಯೂರಿಕ್ ಆಸಿಡ್ ಇಳಿಸುವ ಮಾತ್ರೆ ತಿಂದವರಿಗೆ ಅದರಿಂದ ಮುರಿತ ಹೆಚ್ಚಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಅಮೆರಿಕದ ನರ್ಸುಗಳನ್ನ ಬಹುಕಾಲ ಗಮನಿಸಿದ ಅಧ್ಯಯನವೊಂದು ಗೌಟ್ ಇದ್ದ ಹೆಂಗಸರಲ್ಲಿ ಸೊಂಟದ ಮುರಿತ ಸ್ವಲ್ಪ ಹೆಚ್ಚು ಅಂತ ಕಂಡಿತ್ತು. ಕಾಯಿಲೆಯ ಬಗ್ಗೆ ವಾದ ಇರಬಹುದು. ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡಿನ ಬಗ್ಗೆ ವಾದ ಇಲ್ಲ. ಹೆಸರಿದ್ದ ಮಾತ್ರೆಗೆ ಹೆದರಿ ಬಿಸಾಕಿದೆವು. ಹೆಸರಿಲ್ಲದ ಮಾತ್ರೆಗೆ ಕೈಮುಗಿದು ನುಂಗಿಸಿದೆವು.

ಸಂತೆಬೀದಿಯವರ ಮೇಲೆ ನಮಗೆ ಸಿಟ್ಟಿದೆ. ಸ್ಟೀರಾಯ್ಡ್ ಮಾತ್ರೆ ಷೆಡ್ಯೂಲ್ ಎಚ್ ಔಷಧಿ, ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ ಅಂತ ಕಾನೂನಿದೆ. ಆ ಕಾನೂನು ಡಬ್ಬಿಯಿಂದ ಎಣಿಸಿಕೊಡುವ ಕೈ ಮುಟ್ಟುವುದಿಲ್ಲ. ಆದರೆ ಸಿಟ್ಟು ಅಲ್ಲಿಗೇ ನಿಂತರೆ ನಾವು ಏನೂ ಕಲಿಯಲಿಲ್ಲ ಅಂತಾಯಿತು. ಅಪ್ಪ ಅಲ್ಲಿಗೆ ಯಾಕೆ ಹೋದ? ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಮುರಿಯುತ್ತಿತ್ತು. ಸಂತೆಬೀದಿಯ ಬಾಗಿಲು ಕತ್ತಲಾದ ಮೇಲೂ ತೆಗೆದಿರುತ್ತಿತ್ತು. ಅಲ್ಲಿ ಚೀಟಿ ಬರೆದರು. ಇಲ್ಲಿ 'ಬಾ ಯಜಮಾನ, ಕೂತ್ಕೋ' ಅಂದರು, ಊದಿದ ಪಾದವನ್ನ ಕೈಯಲ್ಲಿ ಹಿಡಿದು ನೋಡಿದರು. ನಮ್ಮಪ್ಪನ ಪಾದವನ್ನ ಕೈಯಲ್ಲಿ ಹಿಡಿದ ಮೊದಲ ಹೊರಗಿನವನು ಆ ಮನುಷ್ಯ. ಮುಟ್ಟಿದ್ದಕ್ಕೇ ಅರ್ಧ ನೋವು ಹೋಗಿತ್ತು. ಇನ್ನರ್ಧಕ್ಕೆ ಬಿಳಿ ಮಾತ್ರೆ. ಮುಟ್ಟದ ವಿದ್ಯೆ ಒಂದು ಕಡೆ, ವಿದ್ಯೆಯಿಲ್ಲದ ಮುಟ್ಟುವಿಕೆ ಇನ್ನೊಂದು ಕಡೆ. ಇವೆರಡರ ನಡುವೆ ಬಿದ್ದು ಮುರಿದದ್ದು ನಮ್ಮಪ್ಪನ ಮೂಳೆ.

ಗೆಳೆಯರೇ, ಹಳ್ಳಿ ಮೇಷ್ಟ್ರುಗಳೇ, ರಜಕ್ಕೆ ಊರಿಗೆ ಹೋಗುವ ಹುಡುಗ ಹುಡುಗಿಯರೇ. ನಿಮ್ಮ ಮನೆಯ ಮಾಡಿನಲ್ಲಿ, ಅವ್ವನ ಸೆರಗಿನ ಗಂಟಿನಲ್ಲಿ ಇಂಥ ಪೊಟ್ಟಣ ಇದೆಯೇನೋ ನೋಡಿ. ಹೆಸರು ಕೇಳಿ. ಹೆಸರು ಹೇಳದವರ ಹತ್ತಿರ ಮಾತ್ರೆ ತಗೋಬೇಡಿ. 'ಕೀಲುನೋವಿಗೆ ಬೇರು ನಾರಿನ ಪುಡಿ' ಅಂತ ಮಾರುವುದರಲ್ಲೂ ಇದೇ ಬಿಳಿ ಮಾತ್ರೆ ಅರೆದು ಬೆರೆಸುವವರಿದ್ದಾರೆ. ಯಾರಾದರೂ ತಿಂಗಳುಗಟ್ಟಲೆ ನುಂಗಿದ್ದರೆ ಕಿತ್ತು ಎಸೆಯಬೇಡಿ, ಪೊಟ್ಟಣ ಸಮೇತ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋಗಿ, ಮೂಳೆ ಉಳಿಸುವ ಔಷಧಿಯನ್ನೂ ಕೇಳಿ. ಅಲೋಪ್ಯೂರಿನಾಲ್ ದೇಶದ ಅಗತ್ಯ ಔಷಧಿಗಳ 2022ರ ಪಟ್ಟಿಯಲ್ಲಿದೆ. ಅದನ್ನ ಕಡಿಮೆಯಿಂದ ಶುರುಮಾಡಿ, ರಕ್ತ ನೋಡುತ್ತ, ಯೂರಿಕ್ ಆಸಿಡ್ 6ರ ಕೆಳಗೆ ಇಳಿಯುವ ತನಕ ಏರಿಸಬೇಕು. ಶುರುವಿನಲ್ಲಿ ನೋವು ಬಂದರೆ ಬಿಡಬಾರದು. ಮೈಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. 'ಏನು ತಿಂತೀಯಯ್ಯಾ' ಅಂತ ಯಾರಾದರೂ ನಕ್ಕರೆ, ನಿಂತು ಎದುರು ಪ್ರಶ್ನೆ ಕೇಳಿ. ನಾವು ಅವತ್ತು ಕೇಳಲಿಲ್ಲ. ಎದ್ದು ಬಂದೆವು. ಸ್ವಾಭಿಮಾನ ಅಂದುಕೊಂಡೆವು. ಅದು ಅಪ್ಪನ ಕಾಲಿಗೆ ಬಿತ್ತು.

ಆಪರೇಷನ್ ಆಯಿತು. ಅಪ್ಪ ಊರುಗೋಲು ಹಿಡಿದು ನಡೆದ, ಕಬ್ಬಿನ ಗದ್ದೆಗೆ ಮಾತ್ರ ಮತ್ತೆ ಇಳಿಯಲಿಲ್ಲ. ಆ ಹುಡುಗಿ ಡಾಕ್ಟ್ರು ಬಿಳಿ ಮಾತ್ರೆಯನ್ನ ತಿಂಗಳಾನುಗಟ್ಟಲೆ ಚೂರುಚೂರೇ ಇಳಿಸಿ ಬಿಡಿಸಿದಳು. ಹಳೇ ಅಲೋಪ್ಯೂರಿನಾಲನ್ನೇ ಮತ್ತೆ ಶುರುಮಾಡಿಸಿದಳು. ಎರಡು ಸಲ ನೋವು ಕೆರಳಿತು, ಈ ಸಲ ಹೆದರಲಿಲ್ಲ. ವರ್ಷ ಕಳೆಯುವುದರಲ್ಲಿ ಯೂರಿಕ್ ಆಸಿಡ್ 6ರ ಕೆಳಗೆ ಬಂತು. ಆಮೇಲೆ ಹೆಬ್ಬೆರಳು ಊದಲಿಲ್ಲ. 2018ರ ಹೊಸತೊಡಕಿಗೆ, 'ಎರಡು ತುಂಡು ತಿನ್ನಿ, ಏನಾಗಲ್ಲ' ಅಂದಳು ಅವಳು. ಅವ್ವ ಎರಡೇ ತುಂಡು ಬಡಿಸಿದಳು. ಅಪ್ಪ ಒಂದನ್ನ ಉಂಡು, ಇನ್ನೊಂದನ್ನ ತಟ್ಟೆ ಅಂಚಿಗೆ ಇಟ್ಟುಕೊಂಡು ಬಹಳ ಹೊತ್ತು ನೋಡುತ್ತ ಕೂತಿದ್ದ. ರಾತ್ರಿ ನಾವು ಯಾರೂ ನಿದ್ದೆ ಮಾಡಲಿಲ್ಲ, ಕಾಲಿನ ಕಡೆ ಕಿವಿ ಕೊಟ್ಟು ಮಲಗಿದ್ದೆವು. ಏನೂ ಆಗಲಿಲ್ಲ.

ಮರು ವರ್ಷ ಎದೆನೋವು ಬಂದು ಅಪ್ಪ ತೀರಿಕೊಂಡ. ಕೊನೆಯ ಎರಡು ವರ್ಷ ಅವನಿಗೊಂದು ಅಭ್ಯಾಸ ಆಗಿತ್ತು. ಮಾತ್ರೆ ನುಂಗುವ ಮೊದಲು ಹಾಳೆಯನ್ನ ನಮ್ಮ ಮುಖದ ಮುಂದೆ ಹಿಡಿದು, 'ಎಸ್ರು ಓದ್ಲಾ ಮಗಾ' ಅನ್ನುತ್ತಿದ್ದ. ನಾವು ಓದಬೇಕು. ಅವನು ಬಾಯಲ್ಲಿ 'ಅಲ್ಲೋಪುರ್ನಾಲ' ಅಂತ ಒಂದು ಸಲ ಹೇಳಿಕೊಂಡು ಆಮೇಲೆ ನುಂಗಬೇಕು.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಓದು ಬರುತ್ತಿದ್ದವರು ನಾವು.